ಮಗುವಿನ ಮನವಿಗೆ ಮೂರು ತಿಂಗಳೇ?

ಶಾಲೆಗಳು ಆರಂಭವಾಗುವ ಕಾಲವು ಸಮೀಪಿಸಿದೊಡನೆಯೇ ನಮ್ಮ ಪಟ್ಟಣಗಳಲ್ಲಿ ಪ್ರತಿವರ್ಷವೂ ಒಂದು ದೃಶ್ಯವು ಕಾಣಬರುವುದು. ಒಂದು ಕೈಯಲ್ಲಿ ಜನನಪತ್ರವನ್ನೂ ಇನ್ನೊಂದು ಕೈಯಲ್ಲಿ ಮಗುವಿನ ಬೆರಳನ್ನೂ ಹಿಡಿದ ತಂದೆತಾಯಿಗಳು ಶಾಲೆಯಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಅಲ್ಲಿಂದ ಮರಳಿ ಶಾಲೆಗೂ ಅಲೆದಾಡುತ್ತಿರುವರು. ಅವರಿಗೆ ಬಹುಮಟ್ಟಿಗೆ ದೊರೆಯುವ ಉತ್ತರವು “ಸ್ಥಳವಿಲ್ಲ” ಎಂಬ ಒಂದೇ ಮಾತು, ಅದೂ ಬಾಯಿಮಾತು. ಏಕೆ ಇಲ್ಲ, ತೀರ್ಮಾನಿಸಿದವರಾರು, ಇನ್ನು ಯಾರಲ್ಲಿ ಮೊರೆಯಿಡಬೇಕು ಎಂಬುದನ್ನು ತಿಳಿಸುವ ಒಂದು ಚೀಟಿಯೂ ಅವರ ಕೈಸೇರುವುದಿಲ್ಲ.

ಇದನ್ನು ಅಲ್ಪ ವಿಷಯವೆಂದು ಭಾವಿಸುವವರು ಹಿಂದಿನದನ್ನು ನೆನೆಯಬೇಕು. ಮಹನೀಯ ಗೋಖಲೆಯವರು 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಚಕ್ರಾಧಿಪತ್ಯದ ಶಾಸನಸಭೆಯ ಮುಂದಿಟ್ಟರು. ಪರಕೀಯ ಸರ್ಕಾರದ ಬಹುಮತವು 1912ರಲ್ಲಿ ಅದನ್ನು ತಳ್ಳಿಹಾಕಿತು. ಸ್ವತಂತ್ರ ಭಾರತವು 2002ರ 86ನೆಯ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವಯಸ್ಸಿನವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಅಂಗೀಕರಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಗೋಖಲೆಯವರು ಬೇಡಿದುದು ಕೈಗೂಡಲು ಸುಮಾರು ನೂರು ವರ್ಷಗಳು ಹಿಡಿದುವು. ಇಷ್ಟು ಕಷ್ಟದಿಂದ ಸಂಪಾದಿಸಿದ ಹಕ್ಕು ಗುಮಾಸ್ತರೊಬ್ಬರ ಬಾಯಿಮಾತಿನಿಂದ ಕರಗಿಹೋಗಬಹುದೇ?

ಕಾಯಿದೆಯು ಈ ವಿಷಯದಲ್ಲಿ ಮೌನವಾಗಿಲ್ಲ. ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಿ ಆರಿಸಕೂಡದೆಂದು 13ನೆಯ ಪ್ರಕರಣವೂ, ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶವನ್ನು ನಿರಾಕರಿಸಕೂಡದೆಂದು 14ನೆಯ ಪ್ರಕರಣವೂ ವಿಧಿಸಿವೆ. 32ನೆಯ ಪ್ರಕರಣದ ಮೇರೆಗೆ ನೊಂದವರು ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರನ್ನು ಸಲ್ಲಿಸಬಹುದು. ಅವರು ಸಂಬಂಧಪಟ್ಟವರನ್ನು ವಿಚಾರಿಸಿ ಮೂರು ತಿಂಗಳೊಳಗಾಗಿ ತೀರ್ಮಾನಿಸತಕ್ಕದ್ದು. ಅದಕ್ಕೂ ಸಮಾಧಾನವಾಗದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಕಾಗದದ ಮೇಲೆ ಏರ್ಪಾಡು ಸಮರ್ಪಕವಾಗಿಯೇ ಇದೆ. ಆದರೆ ಪಂಚಾಂಗವನ್ನು ಬಿಡಿಸಿ ನೋಡಿರಿ. ಮೇ ತಿಂಗಳ ಕೊನೆಗೆ ಕೊಟ್ಟ ದೂರು ಆಗಸ್ಟ್ ಕೊನೆಗೆ ತೀರ್ಮಾನವಾದರೂ ಕಾಯಿದೆಯನ್ನು ಮೀರಿದಂತಾಗದು. ಮೇಲ್ಮನವಿಯ ವಿಚಾರಣೆಯ ವೇಳೆಗೆ ದಸರೆಯ ರಜೆಯೇ ಬಂದಿರುವುದು. ಅಷ್ಟರೊಳಗೆ ಓರಗೆಯ ಮಕ್ಕಳು ವರ್ಣಮಾಲೆಯನ್ನು ಮುಗಿಸಿ ಕಾಗುಣಿತಕ್ಕೆ ಕೈಹಾಕಿರುವರು. ಜಮೀನಿನ ವ್ಯಾಜ್ಯವು ಹತ್ತು ವರ್ಷ ನಡೆದರೂ ಜಮೀನು ಇದ್ದಲ್ಲಿಯೇ ಇರುವುದು. ಆರು ವರ್ಷದ ಮಗುವು ಆರು ವರ್ಷದ್ದಾಗಿಯೇ ಕಾದು ಕುಳಿತಿರಲಾರದು.

ಅಧಿಕಾರಿಗಳ ತೊಂದರೆಯನ್ನು ನಾವು ಅರಿಯದವರಲ್ಲ. ಕೊಠಡಿಗಳು ಹಿಗ್ಗುವುದಿಲ್ಲ, ಉಪಾಧ್ಯಾಯರಿಗೆ ಇರುವುದು ಎರಡೇ ಕೈಗಳು, ನಿಯಮವು ಎಲ್ಲರಿಗೂ ಒಂದೇ ಆಗಿರಬೇಕು. ಆದರೆ ವಯೋನಿಯಮದ ಕಥೆಯೇನಾಯಿತು? ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ನಮ್ಮ ರಾಜ್ಯ ಸರ್ಕಾರವು 2022ರಲ್ಲಿ ಆಜ್ಞಾಪಿಸಿತು. ಅದನ್ನು 2025–26ರಿಂದ ಜಾರಿಗೊಳಿಸುವುದೆಂದಾಯಿತು. ಪೋಷಕರ ಒತ್ತಾಯವು ಬಲವಾಗಲು, 2025ರ ಏಪ್ರಿಲಿನಲ್ಲಿ, ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೂ ಸಾಕೆಂದು ಸಡಿಲಿಸಿತು. ಸಡಿಲಿಸಿದುದನ್ನು ನಾವು ಆಕ್ಷೇಪಿಸುವುದಿಲ್ಲ. ಹಲವರು ಒಟ್ಟಾಗಿ ಕೂಗಿದಾಗ ಕಿವಿಗೊಟ್ಟ ಸರ್ಕಾರವು, ಒಬ್ಬಂಟಿಯಾದ ಕೂಲಿಕಾರನು ಅರ್ಜಿ ಹಿಡಿದು ನಿಂತಾಗಲೂ ಕಿವಿಗೊಡಬೇಕೆಂಬುದಷ್ಟೇ ನಮ್ಮ ವಾದ.

ಯಾವ ದೇಶದ ಆಳಿಕೆಯನ್ನು ನಾವು ಹೋರಾಡಿ ಕಳಚಿಕೊಂಡೆವೋ ಆ ಇಂಗ್ಲೆಂಡಿನಲ್ಲಿ ಈ ವಿಷಯಕ್ಕೆ ಒಂದು ಕ್ರಮವಿದೆ. ಅಲ್ಲಿ ಪ್ರಾಥಮಿಕ ಶಾಲೆಯ ಸ್ಥಳಗಳು ಏಪ್ರಿಲ್ 16ರ ಸುಮಾರಿಗೆ ಪ್ರಕಟವಾಗುವುವು. ಶಾಲೆ ತೆರೆಯುವುದು ಸೆಪ್ಟೆಂಬರಿನಲ್ಲಿ. ನಿರಾಕರಿಸಿದವರು ಕಾರಣವನ್ನೂ ಮೇಲ್ಮನವಿಯ ಹಕ್ಕನ್ನೂ ಬರೆದು ತಿಳಿಸಬೇಕು. ಶಾಲೆಯ ಹಂಗಿಲ್ಲದ, ಮೂವರಿಗೆ ಕಡಿಮೆಯಿಲ್ಲದ ಮಂಡಲಿಯೊಂದು ತಂದೆತಾಯಿಗಳ ಮಾತನ್ನು ಕೇಳುವುದು. ಅಲ್ಲಿಯ ಎಳೆಯರ ತರಗತಿಗಳಿಗೆ ಮೂವತ್ತು ಮಕ್ಕಳ ಮಿತಿಯಿರುವುದರಿಂದ ಮೇಲ್ಮನವಿಯು ಗೆಲ್ಲುವುದು ಸುಲಭವಲ್ಲ. ಆದರೆ ಸೋತವನಿಗೂ ತಾನೇಕೆ ಸೋತೆನೆಂಬುದು ತಿಳಿದಿರುವುದು. ಒಳ್ಳೆಯದನ್ನು ಎಲ್ಲಿಂದ ಕಲಿತರೂ ಸ್ವಾಭಿಮಾನಕ್ಕೆ ಕುಂದಿಲ್ಲ.

ಆದುದರಿಂದ ಸರ್ಕಾರದವರಲ್ಲಿ ನಮ್ಮ ಬಿನ್ನಹವಿಷ್ಟೆ. ಪ್ರವೇಶವನ್ನು ನಿರಾಕರಿಸಿದ ಪ್ರತಿಯೊಂದು ಶಾಲೆಯೂ ಅಂದೇ ಕನ್ನಡದಲ್ಲಿ ಕಾರಣವನ್ನು ಬರೆದುಕೊಡಲಿ. ಮೊದಲ ದೂರು ಹದಿನೈದು ದಿನಗಳಲ್ಲಿ ತಾಲ್ಲೂಕಿನಲ್ಲಿಯೇ ಇತ್ಯರ್ಥವಾಗಲಿ. ಮೂರು ತಿಂಗಳು ಎಂಬುದು ಕಾಯಿದೆಯ ಗರಿಷ್ಠ ಮಿತಿಯೇ ಹೊರತು ಅಷ್ಟು ದಿನ ಕಾಯಿಸಲೇಬೇಕೆಂಬ ಆಜ್ಞೆಯಲ್ಲ. ಬೀದರಿನ ಬಡವನು ಮೇಲ್ಮನವಿಗಾಗಿ ಬೆಂಗಳೂರಿಗೆ ಅಲೆಯದಂತೆ ವಿಚಾರಣೆಯು ಜಿಲ್ಲೆಯಲ್ಲಿಯೇ ನಡೆಯಲಿ.

ಮಹಾಜನರಿಗೂ ಒಂದು ಮಾತು. ಪರಿಚಿತ ಮುಖಂಡರ ಶಿಫಾರಸಿಗಾಗಿ ಓಡುವುದನ್ನು ಬಿಟ್ಟು ಲಿಖಿತ ಅರ್ಜಿಯನ್ನು ಕೊಟ್ಟು ರಸೀದಿಯನ್ನು ಕೇಳಿರಿ. ಶಿಫಾರಸಿನಿಂದ ದೊರೆತ ಸ್ಥಳವು ಇನ್ನೊಂದು ಮಗುವಿನದಾಗಿರಬಹುದು. ಹಕ್ಕಿನಿಂದ ದೊರೆತುದು ನಿಮ್ಮ ಮಗುವಿನದೇ. ಪ್ರಜೆಯಾಗಲಿರುವ ಮಗುವು ರಾಜ್ಯದ ಬಾಗಿಲನ್ನು ಮೊದಲು ತಟ್ಟುವುದು ಶಾಲೆಯಲ್ಲಿ. ಅಲ್ಲಿ ಅದಕ್ಕೆ ಕಾರಣವಿಲ್ಲದ “ಇಲ್ಲ”ವನ್ನು ಕಲಿಸುವುದು ಸ್ವರಾಜ್ಯಕ್ಕೆ ಭೂಷಣವಲ್ಲ.