ಹೆಪ್ಪು ಸರಿಯಿರಲಿ

ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಯಲ್ಲಿ ನಿವೃತ್ತನಾದ ನನಗೆ ಬಿಯರ್ ಎಂದರೆ ಅಬಕಾರಿ ವರಮಾನದ ಒಂದು ಬಾಬು ಮಾತ್ರವಾಗಿತ್ತು. ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ಮಗ ಅದನ್ನು ಅಡುಗೆಮನೆಯಲ್ಲೇ ತಯಾರಿಸುವುದನ್ನು ಕಂಡು ಅಚ್ಚರಿಪಟ್ಟೆ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಶಾಸನದಂತೆ ಅಲ್ಲಿ ಇಬ್ಬರು ವಯಸ್ಕರಿರುವ ಮನೆಯವರು ಸ್ವಂತ ಬಳಕೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಬಿಯರ್ ತಯಾರಿಸಬಹುದು.

ಮಗನ ಮೊದಲ ಪ್ರಯತ್ನ ಕೆಟ್ಟಿತ್ತು. ಹಳೆಯದಾದ ದ್ರವರೂಪದ ಯೀಸ್ಟನ್ನು ನೇರವಾಗಿ 20 ಲೀಟರ್ ಮಾಲ್ಟ್ ರಸಕ್ಕೆ ಸುರಿದಿದ್ದ. ಜೀವಂತ ಕೋಶಗಳು ಸಾಲದೆ ಹುದುಗುವಿಕೆ ತಡವಾಯಿತು; ಅಷ್ಟರಲ್ಲಿ ಬೇಡದ ಬ್ಯಾಕ್ಟೀರಿಯಾ ಬೀಡುಬಿಟ್ಟು ರಸ ಹುಳಿಯಾಯಿತು. ನಿತ್ಯ ಹಾಲಿಗೆ ಹೆಪ್ಪು ಹಾಕುವ ನನ್ನ ಪತ್ನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ.

ಪರಿಹಾರ ಸರಳ. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಸಾರ ಬೆರೆಸಿ, ಹತ್ತು ನಿಮಿಷ ಕುದಿಸಿ, ಸುಮಾರು 20 ಡಿಗ್ರಿಗೆ ಆರಿಸಿ, ಸೋಂಕು ತೊಲಗಿಸಿದ ಪಾತ್ರೆಯಲ್ಲಿ ಅದಕ್ಕೆ ಯೀಸ್ಟ್ ಹಾಕಬೇಕು. ಪಾತ್ರೆಯ ಬಾಯಿಗೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಿ ಆಗಾಗ ಕುಲುಕಿದರೆ, ಆಮ್ಲಜನಕ ದೊರೆತು ಒಂದೆರಡು ದಿನಗಳಲ್ಲಿ ಯೀಸ್ಟ್ ವೃದ್ಧಿಯಾಗುತ್ತದೆ. ಒಣ ಯೀಸ್ಟಿಗೆ ಈ ಸಿದ್ಧತೆ ಸಾಮಾನ್ಯವಾಗಿ ಬೇಕಿಲ್ಲ. ಏಲ್ ಬಗೆಯ ಬಿಯರಿಗೆ 18ರಿಂದ 20 ಡಿಗ್ರಿ ಉಷ್ಣಾಂಶ ಹಿತ. ಸಾಂದ್ರತಾಮಾಪಕದ ಅಂಕಿ ಎರಡು ಮೂರು ದಿನ ಬದಲಾಗದೆ ನಿಂತ ಮೇಲೆಯೇ ಬಾಟಲಿಗೆ ತುಂಬಬೇಕು. ಆತುರಪಟ್ಟರೆ ಉಳಿದ ಸಕ್ಕರೆಯಿಂದ ಅನಿಲ ಹುಟ್ಟಿ ಗಾಜು ಸಿಡಿಯಬಹುದು.

1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಸಂಸ್ಥೆ ಅದನ್ನು ಗುಟ್ಟಾಗಿಡದೆ ಪ್ರತಿಸ್ಪರ್ಧಿಗಳಿಗೂ ಹಂಚಿತು. ಇಂದು ಗೃಹ ತಯಾರಕರು ಅನುಭವಿಸುತ್ತಿರುವುದು ಆ ಔದಾರ್ಯದ ಫಲ.

ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಿಗೆ ಬಂದ ಮಗ ಇಲ್ಲಿಯೂ ಮಾಡೋಣವೆಂದಾಗ ಬೇಡವೆಂದೆ. ಕಾಯ್ದೆ ಇರುವವರೆಗೆ ಪಾಲಿಸಲೇಬೇಕು. ಆದರೆ 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಬಡವರ ಪ್ರಾಣ ತೆಗೆದದ್ದು ಕಳ್ಳಭಟ್ಟಿಯಲ್ಲಿದ್ದ ಮೆಥನಾಲ್ ವಿಷವೇ ಹೊರತು ಧಾನ್ಯವನ್ನು ಹುದುಗಿಸುವ ಯೀಸ್ಟ್ ಅಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮನೆಯ ಬಿಯರಿಗೆ ಇರುವ ನಿರ್ಬಂಧ ಪ್ರಜೆಯ ಆರೋಗ್ಯಕ್ಕಾಗಿಯೋ ಬೊಕ್ಕಸದ ಆರೋಗ್ಯಕ್ಕಾಗಿಯೋ ಎಂಬುದನ್ನು ಸರ್ಕಾರ ಸ್ಪಷ್ಟಪಡಿಸಲಿ.