ಶಾಲು ಸನ್ಮಾನಕ್ಕಿರಲಿ, ಸವಾರಿಗೆ ಬೇಡ

ಕಳೆದ ಡಿಸೆಂಬರಿನಲ್ಲಿ ಚಿಕ್ಕೋಡಿಯಲ್ಲಿ ಹಳೆಯ ವಿದ್ಯಾರ್ಥಿಗಳು ಏರ್ಪಡಿಸಿದ್ದ ಗುರುವಂದನಾ ಸಮಾರಂಭದ ಬಗ್ಗೆ ಬರೆಯಬೇಕೆಂದು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಅಡಿಗೆ ರುಚಿಯಾಗಿತ್ತು, ಭಾಷಣಗಳು ದೀರ್ಘವಾಗಿದ್ದವು, ಅಗಲಿದ ಸಹೋದ್ಯೋಗಿಗಳ ಹೆಸರುಗಳನ್ನು ಓದುವಾಗ ಎಲ್ಲರ ಕಣ್ಣುಗಳೂ ತೇವಗೊಂಡವು. ಅದರ ವಿಷಯ ಇಷ್ಟು ಸಾಕು. ನಾನು ಬರೆಯಬೇಕೆಂದಿರುವುದು ಸಮಾರಂಭ ಮುಗಿದ ಮೇಲೆ, ರಾತ್ರಿ ಒಂಬತ್ತೂವರೆಯ ಸುಮಾರಿಗೆ, ಸಭಾಭವನದ ಹೊರಗೆ ನಡೆದ ಒಂದು ವಾಗ್ವಾದದ ಬಗ್ಗೆ.

ನನ್ನನ್ನು ಮನೆಗೆ ಮುಟ್ಟಿಸಲು ಶಿಷ್ಯನೊಬ್ಬ ಮೋಟರ್ ಸೈಕಲ್ ತಂದು ನಿಲ್ಲಿಸಿದ. ಹೆಸರು ಹೇಳುವುದಿಲ್ಲ, ಅವನೂ ಇದನ್ನು ಓದುವವನೇ. ತಲೆಗೆ ಕಾನಟೋಪಿ, ಅದರ ಮೇಲೆ ಮಫ್ಲರು, ಮೈಗೆ ಉಣ್ಣೆಯ ಸ್ವೆಟರು, ಕಾಲಿಗೆ ಚಪ್ಪಲಿ. ಹೆಲ್ಮೆಟ್ ಇರಲಿಲ್ಲವೆಂದಲ್ಲ, ಪೆಟ್ರೋಲ್ ಟಾಕಿಯ ಮೇಲೆ ಕುಳಿತಿತ್ತು. “ಸರ, ಥಂಡಿ ಭಾಳ ಐತ್ರಿ. ಆ ಶಾಲು ಹೊದ್ದಕೊಂಡ ಕುಂಡರ್ರಿ” ಎಂದ. ಸನ್ಮಾನದ ಶಾಲು ಇನ್ನೂ ನನ್ನ ಹೆಗಲ ಮೇಲೆಯೇ ಇತ್ತು. ನಾನು ಅದನ್ನು ತೆಗೆದು ಮಡಚಿ ಚೀಲದೊಳಗಿಟ್ಟು, ನೀನು ಹೆಲ್ಮೆಟ್ ಧರಿಸುವವರೆಗೆ, ನನಗೂ ಒಂದನ್ನು ತರುವವರೆಗೆ ನಾನು ಹತ್ತುವುದಿಲ್ಲವೆಂದೆ. ಅವನು ನಕ್ಕ. “ನಮ್ಮ ಕಡಿ ಥಂಡಿಗೆ ಇಷ್ಟೆಲ್ಲಾ ಯಾಕ್ರಿ ಸರ? ನಾವೇನ ಲಡಾಖಕ್ಕ ಹೊಂಟೇವೇನ್ರಿ? ಒಂದ ಮಫ್ಲರ ಸುತ್ತಿಕೊಂಡ್ರ ಮುಗೀತು.” ಸುತ್ತ ನಿಂತಿದ್ದ ನಾಲ್ಕೈದು ಮಂದಿ, ಅವರಲ್ಲಿ ಇಬ್ಬರು ಸ್ವತಃ ಶಿಕ್ಷಕರು, ಅವನ ಪಕ್ಷವನ್ನೇ ವಹಿಸಿದರು. ನಾನು ಬೇರೊಬ್ಬರ ಕಾರಿನಲ್ಲಿ ಮನೆ ಸೇರಿದೆ. ಥಂಡಿಯಲ್ಲಿ ನಿಂತು ವಾದಿಸುವ ವಯಸ್ಸು ನನ್ನದಲ್ಲ. ಆ ವಾದವನ್ನು ಇಲ್ಲಿ ಬೆಚ್ಚಗೆ ಕುಳಿತು ಮುಂದುವರಿಸುತ್ತೇನೆ.

ಮೊದಲನೆಯದಾಗಿ, “ನಮ್ಮ ಕಡೆ ಥಂಡಿ ಎಲ್ಲಿದೆ” ಎಂಬ ಮಾತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಡಿಸೆಂಬರ್-ಜನವರಿಯ ನಸುಕಿನಲ್ಲಿ ಉಷ್ಣತೆ 10-12 ಡಿಗ್ರಿಗೆ ಇಳಿಯುವುದುಂಟು. ಕಟ್ಟೆಯ ಮೇಲೆ ಕುಳಿತವನಿಗೆ ಅದು ಹತ್ತೇ ಡಿಗ್ರಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ಎದೆಯೊಡ್ಡಿ ಹೋಗುವವನ ಬರಿಮೈಗೆ, ಹವಾಮಾನ ತಜ್ಞರ ಲೆಕ್ಕದ ಪ್ರಕಾರ, ಅದು 5 ಡಿಗ್ರಿಯ ಥಂಡಿಗೆ ಸಮ. ಕೃಷ್ಣೆ, ದೂಧಗಂಗಾ, ವೇದಗಂಗಾ ತೀರದ ಮಂಜು, ರಾತ್ರಿ ನೀರು ಹಾಯಿಸಿದ ಕಬ್ಬಿನ ಹೊಲಗಳ ತೇವ ಇವೆರಡೂ ಇದರೊಡನೆ ಸೇರುತ್ತವೆ. ನಿಪ್ಪಾಣಿಯ ಆಚೆ ತವಂದಿ ಘಾಟಿನಲ್ಲಿ ಬೆಳಗಿನ ಐದಕ್ಕೆ ಗಾಡಿ ಓಡಿಸಿದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಲಡಾಖಿಗೆ ಹೋಗುವವನು ಥಂಡಿಯಿದೆಯೆಂದು ತಿಳಿದು ಸಿದ್ಧನಾಗಿ ಹೋಗುತ್ತಾನೆ. ನಮ್ಮವನು ಡೇರಿಗೆ ಹಾಲು ಹಾಕಲು ಹೋಗುವಾಗ ಸಿದ್ಧನಾಗಿರುವುದಿಲ್ಲ.

ಎರಡನೆಯದು ಉಣ್ಣೆಯ ಮೇಲಿನ ಅತಿವಿಶ್ವಾಸ. ಎಂಟನೆಯ ಇಯತ್ತೆಯಲ್ಲಿ ನಿಮಗೆ ಕಲಿಸಿದ್ದೇನೆ: ಉಣ್ಣೆ ಬೆಚ್ಚಗಿರುವುದು ಅದರ ಎಳೆಗಳ ನಡುವೆ ನಿಶ್ಚಲ ಗಾಳಿ ಸಿಕ್ಕಿಕೊಂಡಿರುವುದರಿಂದ, ಗಾಳಿ ಉಷ್ಣದ ಮಂದವಾಹಕವಾದುದರಿಂದ. ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿಯೇ ಬರೆದಿರಿ. ಆದರೆ ಓಡುವ ಗಾಡಿಯ ಮೇಲೆ ಆ ಗಾಳಿ ನಿಶ್ಚಲವಾಗಿ ಉಳಿಯುವುದಾದರೂ ಹೇಗೆ? ಎದುರುಗಾಳಿಯು ಸ್ವೆಟರಿನ ಹೆಣಿಗೆಯೊಳಗೆ ನುಗ್ಗಿ ಬೆಚ್ಚನೆಯ ಗಾಳಿಯನ್ನು ಹೊರಗೆ ದೂಡಿಬಿಡುತ್ತದೆ. ಎರಡು ಸ್ವೆಟರು ಹಾಕಿದರೂ ಇದೇ ಕಥೆ. ಹೊರಗೆ ಗಾಳಿ ತೂರದ ಒಂದು ಪದರವಿದ್ದರೆ ಒಳಗೆ ಒಂದೇ ಸ್ವೆಟರು ಸಾಕು. ಬೇರೇನೂ ಇಲ್ಲದಿದ್ದರೆ ಮಳೆಗಾಲದ ರೇನ್‌ಕೋಟನ್ನೇ ಸ್ವೆಟರಿನ ಮೇಲೆ ತೊಡಿರಿ, ಐವತ್ತು ಕಿಲೋಮೀಟರ್ ಹೋಗಿ ಬಂದು ನನಗೆ ಹೇಳಿರಿ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಹಿಂದಿನ ದಿನದ ‘ಸಂಯುಕ್ತ ಕರ್ನಾಟಕ’ವನ್ನು ಅಂಗಿಯೊಳಗೆ ಎದೆಗೆ ಹರಡಿಕೊಂಡು ಸೈಕಲ್ ತುಳಿಯುತ್ತಿದ್ದೆ. ಶಾಲೆಯಲ್ಲಿ ಇದು ನಗೆಚಾಟಿಕೆಯ ವಿಷಯವಾಗಿತ್ತು. ಫ್ರಾನ್ಸಿನ ಪ್ರಸಿದ್ಧ ಸೈಕಲ್ ಸ್ಪರ್ಧೆಯ ಸವಾರರೂ ಪರ್ವತದ ತುದಿಯಿಂದ ಇಳಿಯುವ ಮುನ್ನ ವೃತ್ತಪತ್ರಿಕೆಯನ್ನು ಹೀಗೆಯೇ ಎದೆಗೆ ಇಟ್ಟುಕೊಳ್ಳುತ್ತಿದ್ದರೆಂದು ಬಹಳ ವರ್ಷಗಳ ಮೇಲೆ ಓದಿ ಸಮಾಧಾನಪಟ್ಟುಕೊಂಡೆ.

ಆದರೆ ನನ್ನ ನಿಜವಾದ ಸಿಟ್ಟು ಶಾಲಿನ ಮೇಲೆ. ಅದಕ್ಕೆ ಕಾರಣವಿದೆ. ಮನೆಯವರಿಗೆ ಗೊತ್ತು, ಶಿಷ್ಯರಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ.

1991ರ ಜನವರಿ. ಮಿರಜಿನ ದವಾಖಾನೆಯಲ್ಲಿದ್ದ ನಮ್ಮ ಅತ್ತೆಯವರನ್ನು ನೋಡಲು ನಸುಕಿನಲ್ಲಿ ರಾಜದೂತ ಗಾಡಿ ಏರಿ ಚಿಕ್ಕೋಡಿಯಿಂದ ಹೊರಟೆ. ತಲೆಗೆ ಮಫ್ಲರು, ಮೈಗೆ ಶಾಲು. ಶಾಲಿನ ಒಂದು ಸೆರಗನ್ನು ಕೊರಳಿಗೆ ಸುತ್ತಿ ಹಿಂದಕ್ಕೆ ಎಸೆದಿದ್ದೆ, ಹಿರಿಯರು ಹಾಗೆಯೇ ಹೊದೆಯುತ್ತಿದ್ದರು. ಅಂಕಲಿ ದಾಟಿ ಕೃಷ್ಣೆಯ ಸೇತುವೆಯನ್ನು ಸಮೀಪಿಸುವಾಗ ಮಂಜಿನೊಳಗಿಂದ ಕಬ್ಬಿನ ಬಂಡಿಯೊಂದು ಎದುರಿಗೆ ಮೂಡಿತು. ಅದನ್ನು ನಾನು ಕಂಡೆ, ತಡವಾಗಿಯೂ ಅಲ್ಲ. ಬ್ರೇಕು ಹಿಡಿಯಬೇಕೆಂದು ಬುದ್ಧಿಗೆ ತೋಚಿತು. ಬೆರಳುಗಳು ಮಡಚಲಿಲ್ಲ. ಹತ್ತು ಹದಿನೈದು ಕಿಲೋಮೀಟರು ಬರಿಗೈಯಲ್ಲಿ ಹಿಡಿಕೆ ಹಿಡಿದು ಅವು ಕೊರಡಾಗಿದ್ದವು. ಅಷ್ಟರಲ್ಲಿ ಯಾರೋ ಹಿಂದಿನಿಂದ ಕೊರಳು ಹಿಡಿದೆಳೆದಂತಾಯಿತು. ಆಮೇಲೆ ಏನೂ ನೆನಪಿಲ್ಲ. ಶಾಲಿನ ಸೆರಗು ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತೆಂದೂ, ಬಂಡಿಯ ಜೊತೆಗಿದ್ದ ಕಬ್ಬು ಕಡಿಯುವವರು ಕೊಯ್ತಾದಿಂದ ಅದನ್ನು ಕತ್ತರಿಸಿ ನನ್ನ ಕೊರಳು ಬಿಡಿಸಿದರೆಂದೂ ಎಚ್ಚರವಾದಾಗ ತಿಳಿಯಿತು. ನಾನು ನೋಡಲು ಹೊರಟಿದ್ದ ಅತ್ತೆಯವರೇ ಎರಡು ದಿನದ ಮೇಲೆ ನನ್ನ ಹಾಸಿಗೆಯ ಬಳಿಗೆ ನನ್ನನ್ನು ನೋಡಲು ಬಂದರು. ಬಲಗೈಯ ಮಣಿಕಟ್ಟು ಮುರಿದಿತ್ತು. ಆ ವರ್ಷದ ನಂತರ ನನ್ನ ಕೈಯಲ್ಲಿ ಕಲಿತವರಿಗೆ ನೆನಪಿರಬಹುದು, ಫಲಕದ ಮೇಲೆ ನಾನು ಬರೆದ ಸಾಲುಗಳು ಬಲಕ್ಕೆ ಹೋದಂತೆ ಕೆಳಗಿಳಿಯುತ್ತಿದ್ದವು. ನೀವು ಅದನ್ನು ಅನುಕರಿಸಿ ನಗುತ್ತಿದ್ದುದೂ ನನಗೆ ಗೊತ್ತಿತ್ತು. ತಲೆಗೆ ಏಕೆ ಪೆಟ್ಟಾಗಲಿಲ್ಲವೆಂದರೆ, ಬಿದ್ದದ್ದು ಕಬ್ಬಿನ ವಾಡೆಯ ರಾಶಿಯ ಮೇಲೆ. ಅದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ.

ಆದುದರಿಂದ ಥಂಡಿಯ ಉಡುಪು ಸುಖದ ವಿಷಯವೆಂದು ಯಾರೂ ನನಗೆ ಹೇಳಬೇಡಿರಿ. ಬೆರಳಿನ ಉಷ್ಣತೆ 15 ಡಿಗ್ರಿಯ ಸುತ್ತಮುತ್ತ ಇಳಿದರೆ ಅದರ ಚುರುಕು ತೀವ್ರವಾಗಿ ಕುಗ್ಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಬೆರಳು ಒಂದು ಸೆಕೆಂಡು ಸೋಮಾರಿಯಾದರೆ ನಿಮ್ಮ ಗಾಡಿ ನಮ್ಮ ಹಳೆಯ ಶಾಲೆಯ ಎರಡು ವರ್ಗಕೋಣೆಗಳಷ್ಟು ದೂರ ಮುಂದೆ ಹೋಗಿರುತ್ತದೆ. ಕೈಗವಸು ಕೊಳ್ಳುವಾಗ ಸಂತೆಯ ಉಣ್ಣೆಯ ಕೈಚೀಲಗಳನ್ನು ಕೊಳ್ಳಬೇಡಿರಿ. ಅವುಗಳಲ್ಲಿ ಗಾಳಿ ತೂರುತ್ತದೆ, ಹಿಡಿಕೆಯ ಮೇಲೆ ಕೈ ಜಾರುತ್ತದೆ. ಅಂಗೈಗೆ ಚರ್ಮ, ಹೊರಗೆ ಗಾಳಿ ತಡೆಯುವ ಬಟ್ಟೆ, ಬೆರಳ ಗೆಣ್ಣುಗಳ ಮೇಲೆ ಗಟ್ಟಿ ಕವಚ, ಮಣಿಕಟ್ಟಿನಲ್ಲಿ ಬಿಗಿಯುವ ಪಟ್ಟಿ ಇರಲಿ. ಬಿದ್ದಾಗ ಮನುಷ್ಯ ಮೊದಲು ಊರುವುದು ಅಂಗೈಯನ್ನೇ. ಅತಿ ದಪ್ಪನೆಯದೂ ಬೇಡ, ಬ್ರೇಕಿನ ಅಳುಕು ಬೆರಳಿಗೆ ತಿಳಿಯಬೇಕು. ಅಂಗಡಿಯಲ್ಲಿಯೇ ಹಾಕಿಕೊಂಡು ಮುಷ್ಟಿ ಕಟ್ಟಿ ನೋಡಿರಿ. ಕಾಗವಾಡದ ಕಡೆಯ ಹಾಲಿನವನೊಬ್ಬ ಪ್ಲಾಸ್ಟಿಕ್ ಕ್ಯಾನನ್ನು ಅರ್ಧಕ್ಕೆ ಸೀಳಿ ಹಿಡಿಕೆಗಳ ಮುಂದೆ ಕಟ್ಟಿಕೊಂಡದ್ದನ್ನು ಕಂಡಿದ್ದೇನೆ. ನೋಡಲು ಚೆಂದವಿರಲಿಲ್ಲ, ಆದರೆ ಅವನ ಕೈ ಬೆಚ್ಚಗಿತ್ತು. ಮೂವರು ಪದವೀಧರರಿಗಿಂತ ಅವನೇ ಜಾಣ.

ಕಾನಟೋಪಿಯ ವಿಷಯಕ್ಕೆ ಬರೋಣ. ಅದು ಕೂಸುಗಳಿಗೂ ನನ್ನಂಥ ಮುದುಕರಿಗೂ ಒಳ್ಳೆಯದು. ಹೆಲ್ಮೆಟ್ಟಿನ ಬದಲಿಗೆ ಅದನ್ನು ಧರಿಸುವವನು ಕಾಯ್ದೆಗೂ ವಿವೇಕಕ್ಕೂ ಹೊರಗಿನವನು. ಹೆಲ್ಮೆಟ್ಟಿನ ಒಳಗೆ ಅಂಥ ದಪ್ಪ ಟೊಪ್ಪಿಗೆ ಧರಿಸುವವನು ಇನ್ನೊಂದು ತಪ್ಪು ಮಾಡುತ್ತಾನೆ. ಹೆಲ್ಮೆಟ್ ತಲೆಗೆ ಸರಿಯಾಗಿ ಇಳಿಯುವುದಿಲ್ಲ, ಮಫ್ಲರಿನ ಗಂಟಿನಿಂದಾಗಿ ಗದ್ದದ ಪಟ್ಟಿ ಕಟ್ಟಲಾಗುವುದಿಲ್ಲ. ಪಟ್ಟಿ ಕಟ್ಟದ ಹೆಲ್ಮೆಟ್ ಬೀಳುವಾಗ ನಿಮಗಿಂತ ಮೊದಲು ಬೀಳುತ್ತದೆ. ಮುಖ-ಕೊರಳು ಮುಚ್ಚುವ, ಹೊಲಿಗೆ ಒತ್ತದ ತೆಳುವಾದ ಒಂದು ಪದರದ ಮುಸುಕು ಅಗ್ಗದಲ್ಲಿಯೇ ದೊರೆಯುತ್ತದೆ. ಅದರ ಮೇಲೆ ಪೂರ್ಣಮುಖದ ಹೆಲ್ಮೆಟ್. ಉಸಿರಿನ ಹಬೆಯಿಂದ ಗಾಜು ಮಬ್ಬಾಗುತ್ತದೆಂಬ ದೂರು ನಿಜ. ಅದಕ್ಕೆ ಗಾಜನ್ನು ಒಂದು ಕೂದಲೆಳೆಯಷ್ಟು ತೆರೆಯಬೇಕು, ಇಲ್ಲವೇ ಮಬ್ಬು ತಡೆಯುವ ಹಾಳೆ ಅಂಟಿಸಬೇಕು. ಹೆಲ್ಮೆಟ್ಟನ್ನೇ ಟಾಕಿಯ ಮೇಲಿಡುವುದು ಅದಕ್ಕೆ ಪರಿಹಾರವಲ್ಲ. 1935ರಲ್ಲಿ ‘ಅರೇಬಿಯಾದ ಲಾರೆನ್ಸ್’ ಎಂದು ಪ್ರಸಿದ್ಧನಾಗಿದ್ದವನು ಇಂಗ್ಲೆಂಡಿನಲ್ಲಿ ಮೋಟರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಸತ್ತ. ಅವನನ್ನು ನೋಡಿದ ವೈದ್ಯರಲ್ಲೊಬ್ಬರಾದ ಹ್ಯೂ ಕೇರ್ನ್ಸ್ ಮುಂದೆ ಸವಾರರ ತಲೆಯ ಗಾಯಗಳನ್ನು ಅಧ್ಯಯನ ಮಾಡಿ 1941ರಲ್ಲಿ ಲೇಖನ ಪ್ರಕಟಿಸಿದರು. ಶಿರಸ್ತ್ರಾಣದ ಮಹತ್ವ ಅಂದೇ ಸಿದ್ಧವಾಗಿತ್ತು. ನಾವು ಇನ್ನೂ ವಾದಿಸುತ್ತಿದ್ದೇವೆ. ಐಎಸ್ 4151 ಮಾನಕದ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟುಗಳ ಮಾರಾಟವನ್ನು 2021ರ ಜೂನ್ 1ರಿಂದ ನಿಷೇಧಿಸಲಾಗಿದೆ. ರಸ್ತೆಯ ಬದಿಯ ಅಗ್ಗದ ಟೋಪಿಗಳನ್ನು ಕೊಳ್ಳುವವರಿಗೆ ಅದು ಪೊಲೀಸರಿಗಾಗಿ ಧರಿಸುವ ವೇಷವಷ್ಟೇ.

ಜಾಕೆಟ್ಟಿನ ವಿಷಯದಲ್ಲಿ ಯುವಕರು ಮೋಸಹೋಗುತ್ತಾರೆ. ಚರ್ಮದಂತೆ ಹೊಳೆಯುವ ರೆಕ್ಸಿನ್ನಿನ ಕೋಟು ಚಿತ್ರದ ನಾಯಕನಿಗೆ ಒಪ್ಪುತ್ತದೆ. ಡಾಂಬರಿನ ಮೇಲೆ ಉಜ್ಜಿದರೆ ಕ್ಷಣದಲ್ಲಿ ಹರಿದು ಹೋಗುತ್ತದೆ. ಸವಾರರಿಗೆಂದೇ ಮಾಡಿದ ಜಾಕೆಟ್ಟಿನಲ್ಲಿ ಭುಜ, ಮೊಣಕೈ, ಬೆನ್ನುಗಳಿಗೆ ರಕ್ಷಾಫಲಕಗಳಿರುತ್ತವೆ. ಅವುಗಳ ಮೇಲೆ ಇಎನ್ 1621 ಎಂಬ ಐರೋಪ್ಯ ಮಾನಕದ ಸಂಖ್ಯೆ ಅಚ್ಚಾಗಿದೆಯೇ ನೋಡಿರಿ. ಬೆನ್ನಿನಲ್ಲಿ ಬರಿಯ ಸ್ಪಂಜು ತುಂಬಿ ಮಾರುವವರೂ ಇದ್ದಾರೆ. ಬೇಸಿಗೆಗೂ ಆಗುವಂತೆ, ಒಳಪದರವನ್ನು ತೆಗೆದು ಹಾಕಲು ಬರುವಂಥದು ನಮ್ಮ ಸೀಮೆಗೆ ಯೋಗ್ಯ. ಮೈಗೆ ಹೊಂದಿಕೊಂಡಿರಲಿ, ಇಲ್ಲದಿದ್ದರೆ ಬೀಳುವಾಗ ಫಲಕ ಮೊಣಕೈಯಿಂದ ಸರಿದಿರುತ್ತದೆ.

ಕಾಲಿಗೆ ಚಪ್ಪಲಿ! ಅಥಣಿಯವರು ಸಿಟ್ಟಾಗಬಾರದು. ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ, ಅಥಣಿಯ ಕುಶಲಕರ್ಮಿಗಳ ಕೈಚಳಕಕ್ಕೆ ಅದು ನ್ಯಾಯವಾಗಿ ಸಂದದ್ದು. ನಾನೂ ಮದುವೆ-ಮುಂಜಿವೆಗಳಿಗೆ ಅದನ್ನೇ ಮೆಟ್ಟುತ್ತೇನೆ. ಆದರೆ ಗೇರು ಬದಲಿಸುವ ಕಾಲಿಗೆ, ಇಬ್ಬನಿಯಲ್ಲಿ ನೆನೆದ ಫುಟ್‌ರೆಸ್ಟಿಗೆ ಹಿಮ್ಮಡಿ-ಕಣಕಾಲು ಮುಚ್ಚುವ ಬೂಟೇ ಬೇಕು. ಚರ್ಮದ ಗುಣ ನಮಗಿಂತ ಚೆನ್ನಾಗಿ ಬಲ್ಲ ಊರು ಯಾವುದಿದೆ? ಬರಿಗಾಲನ್ನು ಗಾಳಿಗೊಡ್ಡಿ ಹೋಗುವವರೂ ನಾವೇ.

ಇನ್ನು ಕತ್ತಲು. ನವೆಂಬರಿನಿಂದ ಮಾರ್ಚಿನವರೆಗೆ ಕಬ್ಬು ನುರಿಸುವ ಹಂಗಾಮು, ಥಂಡಿಯೂ ಅದೇ ಕಾಲದ್ದು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲ, ಕೆಟ್ಟು ನಿಂತರೆ ರಸ್ತೆಯ ಮಧ್ಯೆಯೇ ಕಲ್ಲಿಟ್ಟು ಬಿಡುತ್ತಾರೆ. ಇದು ಸವಾರನ ತಪ್ಪಲ್ಲ. ಟ್ರೇಲರಿಗೆ ದೀಪ ಹಾಕದವರನ್ನು ನಾನು ಕ್ಷಮಿಸುವುದಿಲ್ಲ. ಆದರೆ ಕರಿಯ ಕಂಬಳಿ, ಕರಿಯ ಜಾಕೆಟ್ಟು, ಕರಿಯ ಪ್ಯಾಂಟು ಧರಿಸಿ ಹಿಂದಿನಿಂದ ಬರುವ ಲಾರಿಯವನಿಗೆ ಕಾಣಿಸಬೇಕೆಂದು ಬಯಸುವುದೂ ಅನ್ಯಾಯವೇ. ನಂಬರ್ ಪ್ಲೇಟಿನವನ ಬಳಿ ರೇಡಿಯಂ ಪಟ್ಟಿ ಸಿಗುತ್ತದೆ. (ಅದರಲ್ಲಿ ಮೇರಿ ಕ್ಯೂರಿಯ ರೇಡಿಯಂ ಇಲ್ಲ, ಹೆಸರಷ್ಟೇ.) ಹೆಲ್ಮೆಟ್ಟಿನ ಹಿಂಬದಿಗೆ ಅಂಟಿಸಿಕೊಳ್ಳಿರಿ. ಬೆನ್ನಿಗೆ ರಸ್ತೆಯ ಕೆಲಸಗಾರರು ತೊಡುವ ಹೊಳೆಯುವ ತೋಳಿಲ್ಲದ ಅಂಗಿಯನ್ನು ತೊಡಿರಿ.

ಹಿಂದೆ ಕುಳಿತವರನ್ನು ಮರೆತೇ ಮಾತಾಡುತ್ತೇವೆ. ಕರ್ನಾಟಕದಲ್ಲಿ ಹಿಂಬದಿಯ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕಟ್ಟುಪಟ್ಟಿ, ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರಿನ ಮಿತಿ ಎಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2023ರ ಫೆಬ್ರುವರಿಯಲ್ಲಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೊರಟ ಸಂಸಾರವನ್ನು ನೋಡಿರಿ: ಟಾಕಿಯ ಮೇಲೆ ಕೂಸು, ಎದುರುಗಾಳಿಗೆ ಅದೇ ಮೊದಲ ಗುರಾಣಿ. ಹಿಂದೆ ಹೆಂಡತಿ, ಸೆರಗಿನ ಮೇಲೆ ಶಾಲು, ಅದರ ಅಂಚು ಚಕ್ರದ ಪಕ್ಕದಲ್ಲಿ ಹಾರಾಡುತ್ತಿರುತ್ತದೆ. ಸೀರೆ ಸಿಕ್ಕದಿರಲೆಂದು ಕಾಯ್ದೆಯೇ ಹಾಕಿಸಿದ ಜಾಲರಿಯನ್ನು, ಗಾಡಿಯ ಅಂದ ಕೆಡುತ್ತದೆಂದು ಮಗರಾಯ ಮೊದಲ ವಾರವೇ ಬಿಚ್ಚಿಸಿರುತ್ತಾನೆ. ಶಾಲು ಹೊದೆಯಲೇಬೇಕೆಂದರೆ ಅದರ ಮೇಲೆ ಗುಂಡಿ ಹಾಕುವ ಕೋಟು ತೊಡಲಿ, ಅಂಚುಗಳು ಒಳಗೇ ಉಳಿಯುತ್ತವೆ.

“ಬಡವರು ಇದನ್ನೆಲ್ಲ ಎಲ್ಲಿಂದ ತರಬೇಕ್ರಿ ಸರ?” ಎಂದು ಆ ರಾತ್ರಿ ಇಬ್ಬರು ಶಿಕ್ಷಕರಲ್ಲೊಬ್ಬರು ಕೇಳಿದರು. ಕೂಲಿಯವನು ಕೇಳಿದ್ದರೆ ತಲೆಬಾಗುತ್ತಿದ್ದೆ. ಅವನಿಗೆ ನನ್ನ ಉತ್ತರ ಗುರುತುಳ್ಳ ಹೆಲ್ಮೆಟ್, ರೇನ್‌ಕೋಟು, ಕೈಗವಸು, ರೇಡಿಯಂ ಪಟ್ಟಿ, ಜಾಕೆಟ್ಟು ಆಮೇಲೆ. ಆದರೆ ನಮ್ಮಲ್ಲಿ ಅಳಿಯನಿಗೆ ಲಕ್ಷ ರೂಪಾಯಿಯ ಗಾಡಿಯನ್ನು ಸಾಲ ಮಾಡಿ ಕೊಡುವ ಬೀಗರಿದ್ದಾರೆ. ಅದರ ಸೈಲೆನ್ಸರ್ ಬದಲಿಸಲು ಸಾವಿರಾರು ರೂಪಾಯಿ ಸುರಿಯುವ ಅಳಿಯಂದಿರಿದ್ದಾರೆ. ಅವರು ಬಡತನದ ಹೆಸರು ಎತ್ತಬಾರದು.

ಕೊನೆಗೆ ಸಮಾರಂಭದ ಸಂಘಟಕರಿಗೆ ಒಂದು ಬಿನ್ನಹ. ನಮ್ಮ ಮನೆಯ ಟ್ರಂಕಿನಲ್ಲಿ ಈಗ 23 ಸನ್ಮಾನದ ಶಾಲುಗಳಿವೆ. ಮನೆಯವರು ಮೊನ್ನೆ ಎಣಿಸಿ ಹೇಳಿದರು. ಮುಂದಿನ ಗುರುವಂದನೆ ಜನವರಿಯಲ್ಲೆಂದು ಕೇಳಿದ್ದೇನೆ. ವೇದಿಕೆಯ ಮೇಲಿನವರಿಗೆ ಶಾಲು ಕೊಳ್ಳುವ ಹಣದಲ್ಲಿ, ಆ ರಾತ್ರಿ ಗಾಡಿಯ ಮೇಲೆ ಊರಿಗೆ ಮರಳುವವರಿಗೆ ಕೈಗವಸು ತರಿಸಿರಿ. ನನ್ನ ಹಾರವನ್ನೂ ಅದರಲ್ಲೇ ಹಿಡಿಯಿರಿ. ಅಳತೆಗಾಗಿ ಅಂಗೈಯ ಸುತ್ತಳತೆಯನ್ನು, ಹೆಬ್ಬೆರಳು ಬಿಟ್ಟು, ಸೆಂಟಿಮೀಟರಿನಲ್ಲಿ ಬರೆದು ಕಳುಹಿಸಲು ಎಲ್ಲರಿಗೂ ತಿಳಿಸಿರಿ. ಟಾಕಿಯ ಮೇಲೆ ಹೆಲ್ಮೆಟ್ ಇಟ್ಟವನ ಅಳತೆಯನ್ನು ನಾನೇ ಹೋಗಿ ತೆಗೆದುಕೊಂಡು ಬರುತ್ತೇನೆ.