ಹೊಸ ಔಷಧದ ವಾರ್ತೆ ಮತ್ತು ನಡುವೆ ನಿಲ್ಲಬಾರದ ಚಿಕಿತ್ಸೆ

ಕ್ಯಾನ್ಸರ್ ಕೋಶಗಳನ್ನು ವಿಕಿರಣಕ್ಕೆ ಸುಲಭವಾಗಿ ಮಣಿಸುವ ಔಷಧಗಳನ್ನು ಕಂಪ್ಯೂಟರ್ ನೆರವಿನಿಂದ ರೂಪಿಸಲಾಗುತ್ತಿದೆ ಎಂಬ ವಾರ್ತೆಗಳು ಈಚೆಗೆ ಮೇಲಿಂದ ಮೇಲೆ ಬರುತ್ತಿವೆ. ಇವನ್ನು ಓದಿದ ರೋಗಿಯ ಮನೆಯವರಲ್ಲಿ ಆಸೆ ಚಿಗುರುವುದು ಸಹಜ. ಆ ಆಸೆಯನ್ನು ನಾವು ಅರಿವಿನ ಬೆಳಕಿನಲ್ಲಿ ನೋಡಬೇಕಾಗಿದೆ.

ವಿಕಿರಣವು ಜೀವಕೋಶದ ಡಿಎನ್ಎ ಎಳೆಗಳನ್ನು ತುಂಡರಿಸುತ್ತದೆ. ತುಂಡಾದುದನ್ನು ಬೆಸೆಯುವ ಪ್ರೋಟೀನ್‌ಗಳು ಕೋಶದೊಳಗೇ ಇವೆ; ಇವುಗಳ ಬಲದಿಂದ ಅನೇಕ ಕ್ಯಾನ್ಸರ್ ಕೋಶಗಳು ಬದುಕಿ ಉಳಿಯುತ್ತವೆ. ಅಂತಹ ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಲ್ಲಿ ಮೂಡಿಸಿ, ಬೀಗಕ್ಕೆ ಕೀಲಿಕೈಯಂತೆ ಅದರಲ್ಲಿ ಕೂರಬಲ್ಲ ಅಣುವನ್ನು ಲಕ್ಷಾಂತರ ಅಣುಗಳ ನಡುವೆ ಹುಡುಕುವುದೇ ಈ ವಿಧಾನ. ವರ್ಷಗಟ್ಟಲೆ ಹಿಡಿಯುತ್ತಿದ್ದ ಹುಡುಕಾಟವನ್ನು ಇದು ಬಹುಮಟ್ಟಿಗೆ ಕಿರಿದಾಗಿಸಿದೆ. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದುದೂ ಪ್ರೋಟೀನ್ ರಚನೆಯನ್ನು ಕಂಪ್ಯೂಟರಿನಿಂದ ತಿಳಿಯುವ, ರೂಪಿಸುವ ಸಾಧನೆಗೇ.

ಆದರೆ ಕಂಪ್ಯೂಟರ್ ಒಪ್ಪಿದ ಅಣುವನ್ನು ದೇಹವೂ ಒಪ್ಪಬೇಕೆಂದಿಲ್ಲ. ಆರೋಗ್ಯವಂತ ಕೋಶಗಳಿಗೂ ಅದೇ ದುರಸ್ತಿ ಬೇಕು; ಅದನ್ನು ತಡೆದರೆ ಅವೂ ನೋಯುತ್ತವೆ. ಕ್ಯಾನ್ಸರ್ ಕೋಶದ ಸಾವನ್ನು ತಡೆಯುವ ಪ್ರೋಟೀನ್‌ಗಳ ಆಕಾರವನ್ನು ಅನುಸರಿಸಿಯೇ ರೂಪಿಸಿದ ಕ್ಸೆವಿನಾಪಾಂಟ್ ಎಂಬ ಔಷಧವು ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ಎರಡನೆಯ ಹಂತದ ಪ್ರಯೋಗದಲ್ಲಿ ಭರವಸೆ ಮೂಡಿಸಿತ್ತು. ಮೂರನೆಯ ಹಂತದ ದೊಡ್ಡ ಪ್ರಯೋಗದಲ್ಲಿ ಅದು ಫಲ ನೀಡಲಿಲ್ಲ. 2024ರಲ್ಲಿ ಆ ಪ್ರಯೋಗವನ್ನು ನಿಲ್ಲಿಸಲಾಯಿತು. ದಶಕಗಳಷ್ಟು ಹಳೆಯದಾದ ಸಿಸ್‌ಪ್ಲಾಟಿನ್ ಇಂದಿಗೂ ಈ ರೋಗದಲ್ಲಿ ವಿಕಿರಣದ ಜೊತೆಗಾರನಾಗಿದೆ.

ಆದುದರಿಂದ ಹೊಸ ಔಷಧ ಬರುವುದೆಂದು ಕೈಯಲ್ಲಿರುವ ಚಿಕಿತ್ಸೆಯನ್ನು ಮುಂದೂಡುವುದು ತರವಲ್ಲ. ಈ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ವಿಕಿರಣ ನೀಡುತ್ತಾರೆ. ನಡುವೆ ದಿನಗಳು ತಪ್ಪಿದರೆ ಅಳಿದುಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಅವಕಾಶ ದೊರೆಯುತ್ತದೆ. ಹಳ್ಳಿಯ ರೋಗಿಗೆ ದಿನ ತಪ್ಪುವುದು ಅಸಡ್ಡೆಯಿಂದಲ್ಲ. ಆಸ್ಪತ್ರೆ ದೂರ, ತಂಗಲು ನೆಲೆಯಿಲ್ಲ, ಜೊತೆಗೆ ಬಂದವರ ಕೂಲಿ ನಿಲ್ಲುತ್ತದೆ.

ಅಣುವನ್ನು ಹುಡುಕುವುದು ವಿಜ್ಞಾನಿಗಳ ಕಾಯಕ. ಆ ಆರೇಳು ವಾರಗಳ ಅನ್ನ, ಆಸರೆ, ಪ್ರಯಾಣದ ಭಾರವನ್ನು ಹಂಚಿಕೊಳ್ಳುವುದು ನಮ್ಮ ದಾಸೋಹ. ಬಸವಾದಿ ಶರಣರು ಅರಿವನ್ನು ಆಚಾರದಿಂದ ಬೇರ್ಪಡಿಸಲಿಲ್ಲ. ನಗರದಲ್ಲಿರುವ ಸದ್ಭಕ್ತರು ತಮ್ಮ ಊರಿನ ಒಬ್ಬ ರೋಗಿಗೆ ಚಿಕಿತ್ಸೆ ಮುಗಿಯುವವರೆಗೆ ಆಸರೆಯಾದರೆ, ಔಷಧಕ್ಕೂ ವಿಕಿರಣಕ್ಕೂ ತಮ್ಮ ಕೆಲಸ ಪೂರೈಸಲು ಸಮಯ ಸಿಕ್ಕೀತು.